ಆರ್ಡರ್ ಬಂದರೆ ಹಬ್ಬ

2000ದ ಆರಂಭ. ನಾನಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಷೇರು ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಗುಮಾಸ್ತ. ಎಲ್ಲರ ಬಾಯಲ್ಲೂ ಹಿಮಾಚಲ್ ಫ್ಯೂಚರಿಸ್ಟಿಕ್‌ನದೇ ಮಾತು. ದೂರಸಂಪರ್ಕ ಉಪಕರಣ ತಯಾರಿಸುವ ಆ ಕಂಪನಿಯ ಷೇರು 2,000 ರೂಪಾಯಿ ದಾಟಿತ್ತು. ನಿವೃತ್ತ ಮೇಷ್ಟ್ರೊಬ್ಬರು ಟರ್ಮಿನಲ್ ಬಿಟ್ಟು ಕದಲುತ್ತಿರಲಿಲ್ಲ. "ನೋಡಯ್ಯ, ಇನ್ನು ಹತ್ತು ವರ್ಷಕ್ಕೆ ತರಕಾರಿ ಮಾರೋನ ಜೇಬಲ್ಲೂ ಮೊಬೈಲು. ಇದು ಇಳಿಯೋದುಂಟೆ?" ಅವರ ಭವಿಷ್ಯ ಅಕ್ಷರಶಃ ನಿಜವಾಯಿತು. ಷೇರು ಮಾತ್ರ, 2001ರ ಮಾರ್ಚ್‌ನಲ್ಲಿ ಷೇರು ದಲ್ಲಾಳಿ ಕೇತನ್ ಪಾರೇಖ್‌ನ ಹಗರಣ ಬಯಲಾದ ಮೇಲೆ, ಎರಡಂಕಿಗೆ ಬಂದು ಕೂತಿತು.

ದೂರವಾಣಿನಗರದ ಐಟಿಐ ಫೋನು ಕಾರ್ಖಾನೆಯ ನೌಕರರೊಬ್ಬರೂ ನಮ್ಮ ಗಿರಾಕಿ. 1948ರಲ್ಲಿ ಶುರುವಾದ ಆ ಕಾರ್ಖಾನೆಯ ಕಪ್ಪು ಫೋನು ದೇಶದ ಮೂಲೆ ಮೂಲೆಯಲ್ಲಿತ್ತು. ಆದರೆ ದೊಡ್ಡ ಗಿರಾಕಿ ಒಬ್ಬನೇ, ಸರ್ಕಾರ. "ಆರ್ಡರ್ ಬಂದ್ರೆ ಹಬ್ಬ, ಬರದಿದ್ರೆ ಏಕಾದಶಿ ಸ್ವಾಮಿ" ಎನ್ನುತ್ತಿದ್ದ ಅವರು ಟೆಲಿಕಾಂ ಷೇರು ಒಂದನ್ನೂ ಮುಟ್ಟಲಿಲ್ಲ; ಉಳಿಸಿದ್ದು ಹೆಚ್ಚಾಗಿ ಅಂಚೆ ಕಚೇರಿಗೆ. ನಮ್ಮ ಕಚೇರಿಯಲ್ಲಿ ಟೆಲಿಕಾಂ ಧಂದೆಯನ್ನು ಸರಿಯಾಗಿ ಬಲ್ಲವರು ಅವರೊಬ್ಬರೇ ಎಂದು ಈಗಲೂ ನನ್ನ ಎಣಿಕೆ.

ಆಮೇಲೆ ಬಂದದ್ದು ಟವರ್ ಹುಚ್ಚು. ಒಂದು ಟವರ್, ನಾಲ್ಕಾರು ಮೊಬೈಲ್ ಕಂಪನಿಗಳು ಬಾಡಿಗೆದಾರರು. ಲೆಕ್ಕ ಚೆನ್ನಾಗಿಯೇ ಇತ್ತು. 2010ರಲ್ಲಿ ಟವರ್ ಕಂಪನಿ ಜಿಟಿಎಲ್ ಇನ್‌ಫ್ರಾ, ಮೊಬೈಲ್ ಕಂಪನಿ ಏರ್‌ಸೆಲ್‌ನ 17,500 ಟವರ್‌ಗಳನ್ನು ಸುಮಾರು 8,400 ಕೋಟಿಗೆ ಕೊಳ್ಳಲು ಒಪ್ಪಿತು. 2012ರಲ್ಲಿ ಸುಪ್ರೀಂ ಕೋರ್ಟ್ 122 ಟೆಲಿಕಾಂ ಲೈಸೆನ್ಸ್ ರದ್ದು ಮಾಡಿತು. 2016ರಲ್ಲಿ ಜಿಯೋ ಬಂತು. ಬಾಡಿಗೆದಾರರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು. 2018ರಲ್ಲಿ ಏರ್‌ಸೆಲ್ಲೇ ದಿವಾಳಿ. ಜನ ಫೋನಿನಲ್ಲಿ ಹಿಂದೆಂದೂ ಇಲ್ಲದಷ್ಟು ಮಾತಾಡುತ್ತಿದ್ದ ಕಾಲದಲ್ಲೇ ಜಿಟಿಎಲ್ ಇನ್‌ಫ್ರಾ ಷೇರು ಒಂದು ರೂಪಾಯಿಗಿಂತ ಕೆಳಗಿತ್ತು.

ನಮ್ಮೂರಿನದೇ ದೂರಸಂಪರ್ಕ ಉಪಕರಣ ಕಂಪನಿ ತೇಜಸ್ ನೆಟ್‌ವರ್ಕ್ಸ್ 2017ರಲ್ಲಿ 257 ರೂಪಾಯಿಗೆ ಷೇರು ಬಿಟ್ಟಿತು. ಮುಂದೆ ಟಾಟಾ ಕೈಸೇರಿತು. 2023ರಲ್ಲಿ ಬಿಎಸ್‌ಎನ್‌ಎಲ್‌ನ 4ಜಿ ಜಾಲಕ್ಕೆ ಟಿಸಿಎಸ್ ಮೂಲಕ 7,492 ಕೋಟಿಯ ಆರ್ಡರ್. ಮರುವರ್ಷ ಷೇರು 1,400 ದಾಟಿತು. ಸರಕು ಸಾಗಿಸಿ ಮುಗಿದ ಮೇಲೆ, 2025ರಲ್ಲಿ, ಕಂಪನಿ ನಷ್ಟಕ್ಕಿಳಿಯಿತು. ಷೇರು ಅರ್ಧಕ್ಕೂ ಕೆಳಗೆ. ಐಟಿಐನವರ ಏಕಾದಶಿ ಲೆಕ್ಕ ಇಲ್ಲೂ ತಪ್ಪಲಿಲ್ಲ.

ಈಗ 5ಜಿ ಹೆಸರು ಹೇಳಿ ಇಂಥ ಷೇರು ಕೇಳಿಕೊಂಡು ಬರುವವರು ಮೊಬೈಲ್ ಎಷ್ಟು ಕೋಟಿ ಎಂದು ಎಣಿಸುವುದು ಬಿಡಿ. ಕಂಪನಿಗೆ ಗಿರಾಕಿಗಳು ಎಷ್ಟು, ಅವರಿಂದ ಬರಬೇಕಾದ ಬಾಕಿ ಎಷ್ಟು ಎಂದು ವಾರ್ಷಿಕ ವರದಿ ತೆರೆದು ನೋಡಿ.