ಕಂಬದೊಳಗಿನ ಕಪ್ಪೆಚಿಪ್ಪು

ಒಲಿಂಪಿಯಾದಲ್ಲಿ ಬೆಳಗ್ಗೆ ಬೆಳಗ್ಗೆಯೇ ನನಗೆ ಸಿಟ್ಟು ತರಿಸಿದ್ದು ಮಗನ ಕೈಯಲ್ಲಿದ್ದ ಫೋನು. ಅದನ್ನು ಎದುರಿಗೆ ಹಿಡಿದರೆ ಸಾಕು, ನೆಲಕಚ್ಚಿದ ಜೀಯಸ್ ಗುಡಿ ಚಾವಣಿ ಸಮೇತ ಪರದೆಯ ಮೇಲೆ ಎದ್ದು ನಿಲ್ಲುತ್ತಿತ್ತು. "ಅಪ್ಪಾ, ಈಗ ಪೂರ್ತಿ ಆಯ್ತು ನೋಡು" ಅಂದ. ಅವನ ಕಾಲ ಬಳಿಯೇ ಬಿದ್ದಿದ್ದ ಕಲ್ಲನ್ನು ಅವನು ಕಣ್ಣೆತ್ತಿಯೂ ನೋಡಿರಲಿಲ್ಲ.

ಕ್ರಿ.ಪೂ. 5ನೇ ಶತಮಾನದ ಗುಡಿ, ಕಟ್ಟಿದವನು ಎಲಿಸ್‌ನ ಲಿಬೋನ್, ಕ್ರಿ.ಶ. 6ನೇ ಶತಮಾನದ ಭೂಕಂಪದಲ್ಲಿ ಉರುಳಿತು. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ನೋಡಬೇಕಾದದ್ದು ಕಂಬಗಳು ಬಿದ್ದ ಬಗೆಯನ್ನು. ಈಳಿಗೆಮಣೆಯಲ್ಲಿ ಹೆಚ್ಚಿಟ್ಟ ಬಾಳೆದಿಂಡಿನ ಬಿಲ್ಲೆಗಳಂತೆ ಸಾಲಾಗಿ, ಒಂದಕ್ಕೊಂದು ಒರಗಿ ಮಲಗಿವೆ. ದೊಡ್ಡ ಬಿಲ್ಲೆಗಳು ಎರಡು ಮೀಟರಿಗೂ ಹೆಚ್ಚು ಅಗಲ. ಹತ್ತಿರ ಹೋಗಿ ಬಗ್ಗಿ ನೋಡಿದೆ: ಕಲ್ಲಿನ ತುಂಬ ಕಪ್ಪೆಚಿಪ್ಪು! ಕೆಲವು ಪುಡಿಯಾದವು, ಕೆಲವಕ್ಕೆ ಮೈಮೇಲಿನ ಗೆರೆ ಕೂಡ ಮಾಸಿಲ್ಲ. ಎಂದೋ ಕಡಲ ತಳದಲ್ಲಿ ಚಿಪ್ಪುಗಳೇ ಒತ್ತಿ ಗಟ್ಟಿಯಾದ ಸುಣ್ಣಕಲ್ಲು ಅದು; ಆ ಸೀಮೆಯದೇ ಕಲ್ಲು. ಗ್ರೀಕರಿಗೆ ಅದರ ಒರಟು ಮೈ ಒಪ್ಪಿಗೆಯಾಗಲಿಲ್ಲ. ನುಣುಪಾದ ಬಿಳಿ ಗಾರೆ ಮೆತ್ತಿ ಅಮೃತಶಿಲೆಯಂತೆ ಕಾಣಿಸಿದರು. ಗುಡಿ ನಿಂತಿದ್ದಷ್ಟು ಕಾಲ ಭಕ್ತರ ಕಣ್ಣಿಗೆ ಬೀಳದಿದ್ದ ಕಡಲು, ಗಾರೆ ಉದುರಿದ ಮೇಲೆ ನಮಗೆ ಕಾಣಿಸಿತು. ಫೋನಿನ ಗುಡಿಯಲ್ಲಿ ಗಾರೆ ನೆಟ್ಟಗಿದೆ, ಚಿಪ್ಪಿಲ್ಲ. ಅದನ್ನು ಪೂರ್ತಿ ಅನ್ನಲು ನಾನು ಒಪ್ಪುವುದಿಲ್ಲ.

2004ರಲ್ಲಿ ಒಂದು ಕಂಬವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಹತ್ತು ಮೀಟರ್ ಮೀರಿದ ಅದರ ಎತ್ತರವನ್ನು ಕತ್ತು ಹಿಂದಕ್ಕೆ ಚೆಲ್ಲಿ ನೋಡಬೇಕು. ಒಳ್ಳೆಯದೇ, ಅಳತೆಗೆ ಒಂದು ಬೇಕು. ಉಳಿದವು ಮಲಗಿರಲಿ.

"ಇವರಲ್ಲಿ ಮರದ ಕಂಬ ಹಾಕ್ತಿರಲಿಲ್ವಾ?" ಎಂದರು ಅಮ್ಮ. ಆ ಪ್ರಶ್ನೆ ನಮ್ಮನ್ನು ಪಕ್ಕದ ಹೀರಾ ಗುಡಿಗೆ ಎಳೆದೊಯ್ದಿತು. ಅದು ಇನ್ನೂ ಹಳೆಯದು, ಕ್ರಿ.ಪೂ. 600ರ ಸುಮಾರಿನದು. ಅಲ್ಲಿನ ಕಂಬಗಳಲ್ಲಿ ದಪ್ಪ ಒಂದೇ ಸಮ ಇಲ್ಲ, ಬೋದಿಗೆಯೂ ಬೇರೆ ಬೇರೆ. ಮೊದಲು ಇದ್ದದ್ದೆಲ್ಲ ಮರದ ಕಂಬಗಳು, ಒಂದೊಂದು ಹಾಳಾದಾಗ ಆಯಾ ಕಾಲದ ರೂಢಿಯಂತೆ ಕಲ್ಲಿನದನ್ನು ನಿಲ್ಲಿಸುತ್ತಾ ಬಂದರು ಎಂಬುದು ವಿದ್ವಾಂಸರ ಊಹೆ. ಕ್ರಿ.ಶ. 2ನೇ ಶತಮಾನದಲ್ಲಿ ಇಲ್ಲಿಗೆ ಬಂದ ಪ್ರವಾಸಿ ಪೌಸಾನಿಯಸ್, ಗುಡಿಯ ಹಿಂಭಾಗದಲ್ಲಿ ಒಂದು ಕಂಬ ಮಾತ್ರ ಓಕ್ ಮರದ್ದು ಎಂದು ಬರೆದಿಟ್ಟಿದ್ದಾನೆ. ಏಳು ಶತಮಾನ ಕಳೆದರೂ ಆ ಒಂದನ್ನು ಯಾಕೆ ಬಿಟ್ಟರು?

"ಗಟ್ಟಿ ಇತ್ತು, ಬಿಟ್ರು" ಅಂದರು ಅಮ್ಮ.

"ಅಷ್ಟು ವರ್ಷ ಗೆದ್ದಲು ಹಿಡೀಲಿಲ್ವಾ ಅಜ್ಜಿ?" ಮಗ ಕೇಳಿದ. ಫೋನು ಜೇಬಿಗೆ ಸೇರಿತ್ತು. ಮ್ಯೂಸಿಯಂ ತಲುಪುವವರೆಗೂ ಮಾತೆಲ್ಲ ಮರದ ಮೇಲೇ: ಹಲಸಿನ ತೊಲೆ ಎಷ್ಟು ಕಾಲ ಬಾಳುತ್ತದೆ, ತೇಗಕ್ಕೆ ಹುಳ ಯಾಕೆ ಬರುವುದಿಲ್ಲ, ಓಕ್ ಇವೆರಡರಲ್ಲಿ ಯಾವುದಕ್ಕೆ ಹತ್ತಿರ.