ಹಳೇ ಡುಕಾಟಿ, ದಿನದ ಲೆಕ್ಕ



ಜರ್ಮನಿಯಲ್ಲಿ ಕೆಲಸದಲ್ಲಿರೋ ನನ್ನ ಹಾಸ್ಟೆಲ್ ಗೆಳೆಯ, ಹಳೇ ಡುಕಾಟಿ ಎಸ್‌ಟಿ2 ತಗೊಂಡು ದಿನಾ ಡ್ಯೂಟಿಗೆ ಓಡಿಸ್ಲಾ ಅಂತ ಕೇಳಿದ್ದಾನೆ. ಸೈಕಲ್ಲೂ ಇಲ್ದೆ ಕಾಲೇಜಿಗೆ ನಡೆದೋರು ನಾವು. 'ನಿಮಗ್ಯಾಕೆ ಈ ಶೋಕಿ' ಅನ್ನೋ ಮಾತು ಬೇಕಾದಷ್ಟು ಕೇಳಿದ್ದೀವಿ. ಅದನ್ನ ನಾನು ಹೇಳಲ್ಲ. ಆಸೆ ಪಡೋ ಹಕ್ಕು ಅವನದ್ದು. ಲೆಕ್ಕ ಮಾತ್ರ ಸರಿಯಾಗಿ ಹಾಕ್ಬೇಕು.

ಇದು 1997ರಲ್ಲಿ ಬಂದ ಮಾಡೆಲ್. 944 ಸಿಸಿ, ಎರಡು ಸಿಲಿಂಡರ್. ಸಾಮಾನು ಕಟ್ಕೊಂಡು ದೂರ ಹೋಗೋಕೆ ಹೇಳಿ ಮಾಡಿಸಿದ ಗಾಡಿ. ಆದರೆ ಕ್ಯಾಮ್ ತಿರುಗಿಸೋದು ಎರಡು ರಬ್ಬರ್ ಬೆಲ್ಟ್. ಓಡಿಸಿದ್ರೂ ನಿಲ್ಲಿಸಿದ್ರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಓಡುವಾಗ ತುಂಡಾದ್ರೆ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಹಾಳಾಗುತ್ತೆ. ಇದರಲ್ಲಿ ವಾಲ್ವ್ ತೆರೆಯೋಕೊಂದು, ಮುಚ್ಚೋಕೊಂದು ರಾಕರ್. ಎರಡರ ಗ್ಯಾಪೂ 10,000 ಕಿ.ಮೀ.ಗೊಮ್ಮೆ ನೋಡಿಸ್ಬೇಕು. ಅವನು ಹೋಗಿಬರೋದು ದಿನಕ್ಕೆ 60 ಕಿ.ಮೀ. 200 ದಿನಕ್ಕೇ 12,000 ಆಯ್ತು. ಅಂದ್ರೆ ವರ್ಷಾ ವರ್ಷಾ ದೊಡ್ಡ ಬಿಲ್. ಇದರ ಕ್ಲಚ್ ಆಯಿಲ್ ಇಲ್ದೆ ಒಣಗೇ ಓಡೋದು, ಟ್ರಾಫಿಕ್ಕಲ್ಲಿ ಬೇಗ ಸವೆಯುತ್ತೆ.

ನಾನು ಗುಮಾಸ್ತ, ಕಾಗದ ನಂಬೋನು. ಬೆಲ್ಟ್ ಹಾಕಿಸಿದ ರಸೀದಿ ಕೇಳು ಅಂದೆ. ರಸೀದಿ ಇಲ್ಲ ಅಂದ್ರೆ ಬೆಲ್ಟ್ ಹಾಕಿಸಿಲ್ಲ ಅಂತಾನೇ ತಿಳ್ಕೊಂಡು, ಆ ಖರ್ಚು ಕಳೆದು ರೇಟು ಮಾತಾಡು.

ಡ್ಯೂಟಿಗೆ ಅದೊಂದೇ ಗಾಡಿ ಆಗೋದಾದ್ರೆ ಬೇಡ ಕಣೋ. ರೈಲು ಪಾಸ್ ಜೇಬಲ್ಲಿ ಇಟ್ಕೊಂಡು ತಗೊಳೋದಾದ್ರೆ ಧೈರ್ಯವಾಗಿ ತಗೋ. ಗಾಡಿ ಗ್ಯಾರೇಜಲ್ಲಿ ನಿಂತ ತಿಂಗಳೂ ಅವ್ವನಿಗೆ ಕಳಿಸೋ ದುಡ್ಡು ನಿಲ್ಲಬಾರದು. ಅಷ್ಟೇ ನನ್ನ ಲೆಕ್ಕ.