ಎಂಟು ಗಂಟೆಯ ಮೊಟ್ಟೆ

ಪಾಠಶಾಲೆಯಲ್ಲಿ ತರ್ಕವ್ಯಾಕರಣಗಳನ್ನು ಓದಿ, ಮೂವತ್ತನಾಲ್ಕು ವರುಷ ಮಕ್ಕಳಿಗೆ ಪಾಠ ಹೇಳಿ, ಈಗ ವಿಶ್ರಾಂತಿವೇತನವನ್ನು ಉಣ್ಣುತ್ತಿರುವ ಅರುವತ್ತಾರು ವಯಸ್ಸಿನ ಮನುಷ್ಯನೊಬ್ಬನು ಮೊಬೈಲು ಫೋನಿನಲ್ಲಿ ವಿಚಿತ್ರಪ್ರಾಣಿಗಳನ್ನು ಜೋಡಿ ಕೂಡಿಸಿ ಮರಿಮಾಡಿಸುತ್ತ ಕುಳಿತಿರುವನೆಂದರೆ ವಾಚಕರು ನಕ್ಕಾರು. ನಗಲಿ. ನನ್ನ ಮನೆಯಾಕೆಯೂ ಮೊದಲು ನಕ್ಕಳು. ಆಮೇಲೆ, ನೋಡಿಕೊಳ್ಳಿರೆಂದು ಒಪ್ಪಿಸಿಹೋದ ಹಾಲು ಎರಡು ಸಲ ಉಕ್ಕಿದಮೇಲೆ, ನಗುವುದನ್ನು ಬಿಟ್ಟಳು.

ಈ ಹುಚ್ಚನ್ನು ನನಗೆ ಹಿಡಿಸಿದವಳು ಮೊಮ್ಮಗಳು. ಅವಳಿಗೆ ಹನ್ನೆರಡು ವಯಸ್ಸು. ಎರಡು ವರುಷದ ಹಿಂದೆ ಅಳಿಯನಿಗೆ ಪುಣೆಗೆ ವರ್ಗವಾಗಿ ಮಗಳ ಸಂಸಾರ ಅಲ್ಲಿಗೆ ಹೋಯಿತು. ಅಲ್ಲಿಯ ತನಕ ಸಂಜೆಯಾಯಿತೆಂದರೆ ನನ್ನ ಮಗ್ಗುಲಲ್ಲಿ ಕುಳಿತು ಅಮರ ಹೇಳುತ್ತಿದ್ದ ಹುಡುಗಿ, ಫೋನಿನಲ್ಲಿ ಸಿಕ್ಕಿದರೆ ಆಡಲು ಮಾತೇ ಇರುತ್ತಿರಲಿಲ್ಲ. “ಊಟವಾಯಿತೆ?” “ಆಯ್ತು ತಾತ.” “ಶಾಲೆ ಹೇಗಿದೆ?” “ಚೆನ್ನಾಗಿದೆ ತಾತ.” ಆಮೇಲೆ ಮೌನ, ಅನಂತರ, “ಅಮ್ಮನಿಗೆ ಕೊಡ್ತೀನಿ.” ಕಳೆದ ದಸರೆಯ ರಜಕ್ಕೆ ಬಂದಾಗ ಅವಳೇ ನನ್ನ ಫೋನಿಗೆ ಈ ಆಟವನ್ನು ಇಳಿಸಿಕೊಟ್ಟು, “ಇನ್ಮೇಲೆ ನಾನು ದಿನಾ ನಿಮ್ಮ ದ್ವೀಪಕ್ಕೆ ಬರ್ತೀನಿ ತಾತ” ಎಂದಳು.

ಆಟದ ಹೆಸರು ‘ಮೈ ಸಿಂಗಿಂಗ್ ಮಾನ್‌ಸ್ಟರ್ಸ್’. ಕೆನಡಾ ದೇಶದಲ್ಲಿಯೂ ಲಂಡನ್ ಎಂಬ ಒಂದು ಪಟ್ಟಣವುಂಟು. ಅಲ್ಲಿಯ ಬಿಗ್ ಬ್ಲೂ ಬಬಲ್ ಎಂಬ ಸಂಸ್ಥೆಯವರು ಇದನ್ನು 2012ರಲ್ಲಿ ಹೊರತಂದರು. ಮೊದಲನೆಯ ದ್ವೀಪದಲ್ಲಿ ಮೂಲವಸ್ತುಗಳು ನಾಲ್ಕು: ಭೂಮಿ, ನೀರು, ಸಸ್ಯ, ಶೈತ್ಯ. ತರ್ಕಸಂಗ್ರಹವನ್ನು ಓದಿದವನು ಇದನ್ನು ಒಪ್ಪುವುದು ಕಷ್ಟ. ಶೈತ್ಯವು ನೀರಿನ ಸ್ಪರ್ಶಗುಣವೇ ಹೊರತು ಬೇರೊಂದು ದ್ರವ್ಯವಲ್ಲ. ಮೊಮ್ಮಗಳಿಗೆ ಇದನ್ನು ವಿಸ್ತಾರವಾಗಿ ತಿಳಿಸಿದೆ. “ಇರಬಹುದು ತಾತ, ಆದರೆ ಮ್ಯಾಮಟ್ ಕೋಲ್ಡೇ” ಎಂದು ಮುಗಿಸಿಬಿಟ್ಟಳು. ಮ್ಯಾಮಟ್ ಎಂದರೆ ಶೈತ್ಯದ ಪ್ರಾಣಿ, ನೀರಿನದು ಟೋ ಜ್ಯಾಮರ್, ಸಸ್ಯದ್ದು ಪಾಟ್‌ಬೆಲ್ಲಿ, ಭೂಮಿಯದು ನಾಗಿನ್. ನಾಗಿನ್ ಎಂದರೆ ಹಾವಲ್ಲ, ತನ್ನ ತಲೆಯನ್ನು ತಾನೇ ಬಡಿದುಕೊಂಡು ತಾಳ ಹಾಕುವ ಒಂದು ಕಲ್ಲುಗುಂಡು. ಇವನ್ನು ಕೂಡಿಸುತ್ತ ಹೋದರೆ ಎರಡೆರಡು ವಸ್ತುಗಳಿಂದಾದ ಪ್ರಾಣಿಗಳು ಆರು, ಮೂರುಮೂರರಿಂದಾದವು ನಾಲ್ಕು, ನಾಲ್ಕೂ ಸೇರಿದ್ದು ಒಂದು. ಒಂಟಿಯವೂ ಸೇರಿ ಹದಿನೈದು. ನಮ್ಮ ಆಯುರ್ವೇದದವರು ಆರು ರಸಗಳಿಂದ 63 ಭೇದಗಳನ್ನು ಎಣಿಸಿರುವುದೂ ಇದೇ ಕ್ರಮದಿಂದ. ಇದನ್ನು ಕಂಡಮೇಲೆ ಆಟದಲ್ಲಿ ನನಗೆ ಗೌರವ ಹುಟ್ಟಿತು.

ನಾಲ್ಕೂ ಸೇರಿದ ಆ ಒಂದರ ಹೆಸರು ಎಂಟ್‌ಬ್ರ್ಯಾಟ್. ಅದನ್ನು ಪಡೆಯುವುದಕ್ಕೆ ಮೂರು ವಸ್ತುಗಳ ಪ್ರಾಣಿಗೆ ಅದರಲ್ಲಿಲ್ಲದ ನಾಲ್ಕನೆಯದನ್ನು ಕೂಡಿಸಬೇಕು. ಸೇರದಿದ್ದರೆ ತಂದೆಯನ್ನೋ ತಾಯಿಯನ್ನೋ ಹೋಲುವ ಸಾಮಾನ್ಯ ಮರಿಯೇ ಹುಟ್ಟುವುದು. ಮೊಟ್ಟೆಯಲ್ಲಿ ಏನಿದೆಯೆಂಬುದನ್ನು ಹೊತ್ತಿನಿಂದಲೇ ತಿಳಿಯಬಹುದು: ನಾಗಿನ್‌ಗೆ ಐದು ಸೆಕೆಂಡು, ಫರ್‌ಕಾರ್ನ್‌ಗೆ ಎಂಟು ಗಂಟೆ, ಎಂಟ್‌ಬ್ರ್ಯಾಟ್‌ಗೆ ಇಪ್ಪತ್ತನಾಲ್ಕು. ಜೋಡಿಮನೆಯಲ್ಲಿ ಕಳೆದಷ್ಟೇ ಹೊತ್ತು ಕಾವುಮನೆಯಲ್ಲಿಯೂ ಕಳೆಯಬೇಕು. ಆದುದರಿಂದ, ಒಂದೇ ಫಲಕ್ಕೆ ಹಲವು ಜೋಡಿಗಳಿದ್ದರೆ, ತಪ್ಪಿದಾಗ ಬೇಗ ಬಿಡುಗಡೆಯಾಗುವ ಜೋಡಿಯನ್ನು ಆರಿಸಿಕೊಳ್ಳುವುದೇ ಜಾಣತನ. ಬೋಗಾರ್ಟ್‌ನಲ್ಲಿ ಭೂಮಿಯೊಂದಿಲ್ಲ, ಅದಕ್ಕೆ ನಾಗಿನನ್ನು ಕೂಡಿಸಿದೆನು. ತಪ್ಪಿ ನಾಗಿನೇ ಹುಟ್ಟಿದರೂ ನಷ್ಟ ಐದೇ ಸೆಕೆಂಡು. ಒಂಬತ್ತನೆಯ ಸಲಕ್ಕೆ ಎಂಟ್‌ಬ್ರ್ಯಾಟ್ ಬಂದಿತು.

ಹದಿನೈದರ ಲೆಕ್ಕಕ್ಕೆ ಹೊರಗಾದ ಇನ್ನೊಂದು ಉಂಟು, ಗ್ಯಾಜ್ಟ್. ಎಂಟ್‌ಬ್ರ್ಯಾಟನ್ನು ಮೂರು ವಸ್ತುಗಳ ಪ್ರಾಣಿಯೊಡನೆ ಕೂಡಿಸಿದರೆ ಎಂದೋ ಒಮ್ಮೆ ಹುಟ್ಟುವುದು. ಹೊತ್ತು ಮೂವತ್ತಾರು ಗಂಟೆ. ಇಂಥ ಅಪರೂಪದ ಮರಿಗಳಿಗಾಗಿ ದ್ವೀಪದಲ್ಲಿ ಹಾರೈಕೆಯ ಪಂಜುಗಳನ್ನು ನೆಡುವರು. ಉರಿಯುವ ಪಂಜುಗಳು ಹೆಚ್ಚಾದಷ್ಟೂ ಸಂಭವ ಹೆಚ್ಚು. ಪಂಜನ್ನು ನಾವೇ ಹಚ್ಚಿದರೆ ವಜ್ರಗಳ ವೆಚ್ಚ. ಸ್ನೇಹಿತರು ಬಂದು ಹಚ್ಚಿದರೆ ವೆಚ್ಚವಿಲ್ಲ. ವಜ್ರಗಳನ್ನು ದುಡ್ಡಿಗೂ ಕೊಳ್ಳಬಹುದು. ಒಂದು ತಿಂಗಳು ಹಾಗೆ ಕೊಂಡುಬಿಡೋಣವೆಂದು ನಾನು ಎಂದಾಗ, “ದುಡ್ಡು ಕೊಟ್ಟು ತಗೊಂಡರೆ ಅದು ನಮ್ಮದಲ್ಲ ತಾತ” ಎಂದು ಗದರಿಸಿದಳು. ಅಂದಿನಿಂದ ಪಂಜು ಹಚ್ಚುವ ಕೆಲಸ ಅವಳದು. ಬೆಳಗ್ಗೆ ಫೋನು ತೆರೆದು ಹೊಸದಾಗಿ ಉರಿಯುತ್ತಿರುವ ಪಂಜನ್ನು ಕಂಡರೆ, ಮಗು ಎದ್ದಿದ್ದಾಳೆ, ನನ್ನನ್ನು ನೆನೆದಿದ್ದಾಳೆ ಎಂದು ತಿಳಿಯುತ್ತಿದ್ದೆ. ಸಂಜೆ ಏಳಕ್ಕೆ ಅವಳೇ ಕರೆಯುವಳು. “ಎಷ್ಟು ಗಂಟೆ ತೋರಿಸ್ತಿದೆ ತಾತ?” ಅಲ್ಲಿಂದ ಮೊದಲಾದ ಮಾತು ಅರ್ಧ ಗಂಟೆ ನಡೆಯುತ್ತಿತ್ತು, ನಡುವೆ ಶಾಲೆಯೂ, ಮುನಿಸಿಕೊಂಡ ಗೆಳತಿಯೂ, ಬಾರದ ಮರಾಠಿಯೂ ತಾವಾಗಿಯೇ ಬಂದು ಸೇರುತ್ತಿದ್ದವು.

ನಾನು ಒಂದು ನೋಟುಬುಕ್ಕಿನಲ್ಲಿ ತಿಥಿ, ಜೋಡಿ, ಪಂಜುಗಳ ಸಂಖ್ಯೆ, ಫಲ ಎಂದು ನಾಲ್ಕು ಮನೆಗಳನ್ನು ಗೆರೆಯೆಳೆದು ಬರೆಯುತ್ತ ಬಂದೆನು. ಫಲದ ಮನೆಯಲ್ಲಿ ಹತ್ತೊಂಬತ್ತು ಸಲ ಸೊನ್ನೆ. “ಇಪ್ಪತ್ತನೇದು ಬಂದೇ ಬರುತ್ತೆ” ಎಂದು ಅವಳು. ಆದರೆ ಕವಡೆಗೆ ಹಿಂದಿನ ಗರದ ನೆನಪಿಲ್ಲ. ಸೋಲು ಮುಂದಿನ ಗೆಲುವಿಗೆ ಜಮೆಯಾಗುವುದೆಂದು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಓದಿನ ಮಟ್ಟಿಗೆ ಅದು ನಿಜ, ಏಕೆಂದರೆ ಅಲ್ಲಿ ಸೋಲು ಏನನ್ನಾದರೂ ಕಲಿಸುವುದು. ಇಲ್ಲಿ ಹತ್ತೊಂಬತ್ತು ಮೊಟ್ಟೆಗಳೂ ಏನನ್ನೂ ಕಲಿಸಲಿಲ್ಲ. ಹುಳು ಕೊರೆದ ಮರದಲ್ಲಿ ತಾನಾಗಿ ಅಕ್ಷರ ಮೂಡುವ ಘುಣಾಕ್ಷರನ್ಯಾಯದಂತೆ, ಬಂದರೆ ಬಂದೀತು.

ಇಲ್ಲಿಂದ ಮುಂದಿನದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಇಪ್ಪತ್ತನೆಯ ಸಲಕ್ಕೆ ಜೋಡಿ ಕೂಡಿಸಲು ಕೈಯೆತ್ತಿದಾಗ, ಗ್ಯಾಜ್ಟ್ ನಿಜವಾಗಿ ಬಂದುಬಿಟ್ಟರೆ ಏನು ಗತಿ ಎಂಬ ಯೋಚನೆ ಹೊಳೆಯಿತು. ಬಂದಮೇಲೆ ಪಂಜಿನ ಕೆಲಸವಿಲ್ಲ, ಪಂಜಿಲ್ಲದಿದ್ದರೆ ಏಳು ಗಂಟೆಯ ಪ್ರಶ್ನೆಯಿಲ್ಲ, ಮತ್ತೆ “ಊಟವಾಯಿತೆ?” “ಅಮ್ಮನಿಗೆ ಕೊಡ್ತೀನಿ.” ಎಂಟ್‌ಬ್ರ್ಯಾಟನ್ನೂ ಬೋಗಾರ್ಟನ್ನೂ ಬಿಟ್ಟು, ಗ್ಯಾಜ್ಟ್ ಎಂದಿಗೂ ಹುಟ್ಟಲಾರದ ಪಾಟ್‌ಬೆಲ್ಲಿ ಮ್ಯಾಮಟ್‌ಗಳನ್ನು ಕೂಡಿಸಿದೆನು. ಮೂರು ದಿವಸ ಹಾಗೆಯೇ ಮಾಡಿದೆನು. ಮೂರು ದಿವಸವೂ ಮಗು ಪಂಜು ಹಚ್ಚಿದಳು.

ಮೊದಲ ಎರಡು ಸಂಜೆ ಮನೆಯಾಕೆಯ ಮೊಣಕಾಲಿನ ಮಾತೆತ್ತಿ ತಪ್ಪಿಸಿಕೊಂಡೆನು. ಮೂರನೆಯ ಸಂಜೆ, “ಎಷ್ಟು ಗಂಟೆ ತೋರಿಸ್ತಿತ್ತು ತಾತ?” ಎಂದಳು. ಸುಳ್ಳಿನ ಅಭ್ಯಾಸವಿಲ್ಲದವನು ಸುಳ್ಳನ್ನು ಪೂರ್ತಿಯಾಗಿ ಕಟ್ಟಲಾರ. “ಎಂಟು” ಎಂದುಬಿಟ್ಟೆನು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಎಂಟ್‌ಬ್ರ್ಯಾಟ್ ಜೋಡಿಗೆ ಎಂಟು ಗಂಟೆ ಬರಲ್ಲ ತಾತ. ಎಂಟು ಗಂಟೆ ಫರ್‌ಕಾರ್ನ್.” ಮತ್ತೆ, ಮೆಲ್ಲನೆ, “ಯಾಕೆ ತಾತ?”

ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕದ್ದ ಲೆಕ್ಕವನ್ನು ಹಿಡಿದು, ಯಾಕೆ ಎಂದು ನಾನು ಕೇಳಿದ ದಿವಸಗಳೆಲ್ಲ ನೆನಪಿಗೆ ಬಂದವು. ಇದ್ದದ್ದನ್ನು ಹೇಳಿದೆನು. ಅವಳು ಅಳುವಳೆಂದುಕೊಂಡೆ, ಸಿಟ್ಟುಮಾಡಿದಳು. “ನಾನು ಮೂರು ದಿನ ಸುಮ್ಮನೆ ಹಚ್ಚಿದೆ! ಗ್ಯಾಜ್ಟ್ ಬಂದ್ಮೇಲೆ ಕೋಲ್ಡ್ ಐಲೆಂಡ್ ಇಲ್ವಾ? ಅದನ್ನ ಯಾರು ಮಾಡೋರು?” ಎಂದು ಫೋನನ್ನು ಇಟ್ಟುಬಿಟ್ಟಳು, ಅಮ್ಮನಿಗೆ ಕೊಡಲಿಲ್ಲ.

ಅಂದು ರಾತ್ರಿ ಸರಿಯಾದ ಜೋಡಿಯನ್ನೇ ಕೂಡಿಸಿ, ನೋಟುಬುಕ್ಕಿನಲ್ಲಿ ಆ ಮೂರು ದಿವಸಗಳ ಎದುರು ‘ವಂಚನೆ’ ಎಂದು ಬರೆದೆನು. ಇಪ್ಪತ್ತನಾಲ್ಕು ಗಂಟೆ ತೋರಿಸಿತು, ಮತ್ತೊಂದು ಎಂಟ್‌ಬ್ರ್ಯಾಟ್. ಮರುದಿನ ಪಂಜುಗಳು ಒಂದೊಂದಾಗಿ ಆರಿದವು. ಅದರ ಮರುದಿನವೂ ಕತ್ತಲೆಯೇ. ನಾನು ಕರೆಯಲಿಲ್ಲ, ಕರೆಯುವ ಮುಖವಿರಲಿಲ್ಲ.

ಇಂದು ಬೆಳಗ್ಗೆ ನೋಡಿದೆನು. ಐದು ಪಂಜುಗಳು ಆರಿವೆ, ಒಂದು ಉರಿಯುತ್ತಿದೆ. ಗ್ಯಾಜ್ಟ್ ಇನ್ನೂ ಬಂದಿಲ್ಲ. ಏಳು ಗಂಟೆಗೆ ಇನ್ನೂ ಬಹಳ ಹೊತ್ತಿದೆ. ಅಷ್ಟರೊಳಗೆ ಹಾಲನ್ನಾದರೂ ನೋಡಿಕೊಳ್ಳುವೆನೆಂದು ಮನೆಯಾಕೆಗೆ ಮಾತು ಕೊಟ್ಟಿದ್ದೇನೆ.